‘ಪ್ಲೀಸ್ ರಿವರ್ಟ್’ ಅಂದಿದ್ದು ನಾನೇ!

ಅದೊಂದು ಶುಕ್ರವಾರ ಮಧ್ಯಾಹ್ನ. ಊಟಕ್ಕೆ ಹೋಗೋ ಆತುರದಲ್ಲಿ ಒಂದು ಟಿಕೆಟ್‌ಗೆ ಕಮೆಂಟ್ ಹಾಕಿದೆ: ‘ಪ್ಲೀಸ್ ರಿವರ್ಟ್ ಬೈ ಇಒಡಿ’. ಸಂಜೆಯೊಳಗೆ ಉತ್ತರ ಕೊಡು ಅನ್ನೋದು ನನ್ನ ಅರ್ಥ. ಟೀಮಿಗೆ ಸೇರಿ ಒಂದು ತಿಂಗಳೂ ಆಗಿರದ ಹುಡುಗಿ ಅದನ್ನು ಗಿಟ್ ಭಾಷೆಯಲ್ಲಿ ಓದಿಕೊಂಡಳು. ಗಿಟ್‌ನಲ್ಲಿ ರಿವರ್ಟ್ ಅಂದ್ರೆ ಮಾಡಿದ ಬದಲಾವಣೆಯನ್ನು ರದ್ದು ಮಾಡೋದು. ವಾರವಿಡೀ ಕೂತು ಸರಿಪಡಿಸಿದ್ದ ಕೋಡನ್ನು ಅಚ್ಚುಕಟ್ಟಾಗಿ ರದ್ದು ಮಾಡಿ ‘ಡನ್’ ಅಂತ ಬರೆದಳು. ರಿಲೀಸ್ ಹೋಯ್ತು, ಹಳೇ ಬಗ್ ವಾಪಸ್ ಬಂತು.

ಸೋಮವಾರದ ಕಾಲ್‌ನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವಳು ನನ್ನ ಡೆಸ್ಕ್ ಹತ್ತಿರ ಬಂದು, ‘ಸರ್, ರಿಪ್ಲೈ ಮಾಡು ಅಂತ ಬರೆದಿದ್ರೆ ಅದನ್ನೇ ಮಾಡ್ತಿದ್ದೆ’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಜ ಹೇಳಬೇಕಂದ್ರೆ ತಪ್ಪು ಅವಳದ್ದಲ್ಲ. ಇಂಗ್ಲಿಷ್‌ನಲ್ಲಿ ರಿವರ್ಟ್ ಅಂದ್ರೆ ಹಿಂದಿನ ಸ್ಥಿತಿಗೆ ಮರಳೋದು. ‘ಉತ್ತರಿಸು’ ಅನ್ನೋ ಅರ್ಥದಲ್ಲಿ ಅದನ್ನು ಧಾರಾಳವಾಗಿ ಬಳಸೋದು ನಾವು, ಜೊತೆಗೆ ಸಿಂಗಪುರ, ಮಲೇಷ್ಯಾದವರು. ಇನ್ನು ‘ಇಒಡಿ’, ಅಂದ್ರೆ ದಿನದ ಕೊನೆ. ಯಾರ ದಿನ? ನ್ಯೂಯಾರ್ಕಿನಲ್ಲಿ ಸಂಜೆ 5 ಆದಾಗ ನಮಗೆ ಚಳಿಗಾಲದಲ್ಲಿ ಬೆಳಗಿನ ಜಾವ 3.30. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಡ್ತಾರೆ, ಆಗ 2.30. ಎಷ್ಟೋ ರಾತ್ರಿ ನಿದ್ದೆ ಕೆಟ್ಟಿರೋದು ಈ ಮೂರಕ್ಷರದಿಂದಲೇ.

ಅಂದಿನಿಂದ ಕಿರಿಕಿರಿ ಮಾಡೋ ಪದಗಳನ್ನು ಫೋನಿನ ನೋಟ್ಸ್‌ನಲ್ಲಿ ಬರೆದಿಡೋಕೆ ಶುರು ಮಾಡಿದೆ. ಮೊದಲ ಸ್ಥಾನ ‘ಡು ದ ನೀಡ್‌ಫುಲ್’ಗೆ. ಬ್ರಿಟಿಷರ ಕಾಲದ ಕಚೇರಿ ಭಾಷೆ ಇದು. ಅವರು ಹೆಚ್ಚುಕಡಿಮೆ ಬಿಟ್ಟೇಬಿಟ್ಟರು, ನಾವು ಇಟ್ಟುಕೊಂಡೆವು. ನೀಡ್‌ಫುಲ್ ಏನು, ಯಾರು ಮಾಡಬೇಕು? ಮೇಲ್‌ನಲ್ಲಿ ಎಂಟು ಜನ ಇದ್ದರೆ ಎಂಟು ಜನವೂ ಇನ್ನೊಬ್ಬರು ಮಾಡ್ತಾರೆ ಅಂತ ಸುಮ್ಮನಿರ್ತಾರೆ. ಕನ್ನಡದಲ್ಲೇನು ಕಡಿಮೆ ಇಲ್ಲ, ‘ಸೂಕ್ತ ಕ್ರಮಕ್ಕಾಗಿ’ ಅಂತ ಬರೆದು ಫೈಲು ದಾಟಿಸೋದು ಇದರ ಅಣ್ಣನೇ. ‘ಜೆಂಟಲ್ ರಿಮೈಂಡರ್’ ಮೂರನೇ ಸಲ ಬಂದರೆ ಅದರಲ್ಲಿ ಜೆಂಟಲ್ ಏನೂ ಉಳಿದಿರಲ್ಲ. ‘ಲೆಟ್ಸ್ ಟೇಕ್ ಇಟ್ ಆಫ್‌ಲೈನ್’ ಅಂದರೆ ನಿಮ್ಮ ಪ್ರಶ್ನೆಗೆ ಇನ್ನು ಉತ್ತರ ಸಿಗಲ್ಲ ಅಂತಲೇ ಲೆಕ್ಕ.

ಆದರೆ ‘ಪ್ರಿಪೋನ್’ ಪದವನ್ನು ಪಟ್ಟಿಯಿಂದ ತೆಗೆದುಹಾಕಿದೆ. ಅದು ಇಂಗ್ಲಿಷೇ ಅಲ್ಲ ಅಂತ ನಗುವವರಿದ್ದಾರೆ. ಮೀಟಿಂಗ್ ಹಿಂದಕ್ಕೆ ಬಂತು ಅಂತ ಒಂದೇ ಪದದಲ್ಲಿ ಎಲ್ಲರಿಗೂ ತಿಳಿಯುತ್ತೆ, ಆಕ್ಸ್‌ಫರ್ಡ್ ನಿಘಂಟಿನಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಅಂದ್ರೆ ನನಗೆ ಕಿರಿಕಿರಿ ಆಗ್ತಿದ್ದದ್ದು ತಪ್ಪು ಇಂಗ್ಲಿಷ್‌ನಿಂದಲ್ಲ. ಯಾರು, ಏನು, ಯಾವಾಗ ಅನ್ನೋದನ್ನು ಮುಚ್ಚಿಡೋ ಪದಗಳಿಂದ.

ಇಷ್ಟೆಲ್ಲ ಪಟ್ಟಿ ಮಾಡಿದ ಮೇಲೂ ಒಂದು ದಿನ ಸಿಕ್ಕಿಬಿದ್ದೆ. ಊರಿಂದ ಅಪ್ಪನ ಫೋನ್. ಕಣ್ಣಿನ ಪೊರೆ ಆಪರೇಷನ್‌ಗೆ ಡಾಕ್ಟರ್ ದಿನ ಕೊಟ್ಟಿದ್ದರು. ‘ಆ ದಿನ ಇರ್ತೀಯೇನೋ?’ ಅಂದರು. ನಾನು ಲ್ಯಾಪ್‌ಟಾಪ್ ನೋಡ್ತಾನೇ, ‘ಈ ವಾರ ಬ್ಯಾಂಡ್‌ವಿಡ್ತ್ ಇಲ್ಲಪ್ಪ, ಚೆಕ್ ಮಾಡಿ ತಿಳಿಸ್ತೀನಿ’ ಅಂದೆ. ಇಂಜಿನಿಯರಿಂಗ್‌ನಲ್ಲಿ ಬ್ಯಾಂಡ್‌ವಿಡ್ತನ್ನು ಹರ್ಟ್ಜ್‌ನಲ್ಲಿ ಅಳೆಯೋದು ಓದಿದವನು, ಅದನ್ನು ಅಪ್ಪನಿಗೆ ಕೊಡೋ ಸಮಯಕ್ಕೆ ಬಳಸಿದ್ದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರೋಕಾಗಲ್ಲ ಅಂತ ತಾನೇ? ಹಾಗೇ ಹೇಳಪ್ಪ. ಪಕ್ಕದ ಮನೆಯವರನ್ನು ಕೇಳ್ಕೋತೀನಿ’ ಅಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟು ಮಾಡಿಕೊಂಡಿದ್ದರೇ ಚೆನ್ನಾಗಿತ್ತು.

ಹತ್ತು ನಿಮಿಷ ಬಿಟ್ಟು ವಾಪಸ್ ಫೋನ್ ಮಾಡಿದೆ. ‘ಬುಧವಾರ ರಾತ್ರಿ ಬಸ್ಸಿಗೆ ಹೊರಡ್ತೀನಿ, ಭಾನುವಾರದವರೆಗೂ ಇರ್ತೀನಿ. ಪಕ್ಕದ ಮನೆಯವರನ್ನು ಕೇಳಬೇಡಿ’ ಅಂದೆ. ಮ್ಯಾನೇಜರ್‌ಗೂ ಅಷ್ಟೇ ಸೀದಾ ಬರೆದೆ: ಅಪ್ಪನ ಆಪರೇಷನ್, ಎರಡು ದಿನ ರಜೆ ಬೇಕು. ‘ಓಕೆ’ ಅಂತ ಒಂದೇ ಪದದ ಉತ್ತರ ಬಂತು.

ಈಗ ಟಿಕೆಟ್‌ಗಳಲ್ಲಿ ಹೆಸರು, ಕೆಲಸ, ಭಾರತೀಯ ಸಮಯ ಬರೀತೀನಿ. ಆ ಹುಡುಗಿಗೆ ಸಾರಿ ಕೇಳಿದ್ದೀನಿ, ಟೀಮಿನವರೆಲ್ಲರ ಎದುರಿಗೇ. ನೋಟ್ಸ್‌ನ ಪಟ್ಟಿ ಇನ್ನೂ ಬೆಳೀತಿದೆ. ನಿಮ್ಮ ಆಫೀಸಿನಲ್ಲಿ ನಿಮ್ಮ ತಲೆ ಕೆಡಿಸೋ ಪದ ಯಾವುದು? ಅದನ್ನು ನೀವು ಮನೆಯಲ್ಲಿ ಯಾರಿಗಾದರೂ ಹೇಳಿಬಿಟ್ಟಿದ್ದೀರಾ? ಬರೆದು ತಿಳಿಸಿ.