ಒಲ್ಲದ ಮೈಗೆ ಒಂದು ನೆಪ

ಬೆಳಗಿನ ಐದೂವರೆ ಗಂಟೆ. ಕೆಂಗೇರಿ ಉಪನಗರದ ಒಂದು ಮನೆಯಲ್ಲಿ ಅಲಾರಾಂ ಬಡಿದುಕೊಳ್ಳುತ್ತದೆ. ಹೊದಿಕೆಯೊಳಗಿಂದ ಕೈಯೊಂದು ಹೊರಬಂದು ಅದರ ಬಾಯಿ ಮುಚ್ಚಿಸಿ ಮತ್ತೆ ಒಳಗೆ ಸೇರಿಕೊಳ್ಳುತ್ತದೆ. ರಾತ್ರಿ ನಿದ್ದೆ ಸರಿಯಾಗಲಿಲ್ಲ, ಹೊರಗೆ ಮೋಡ ಮುಚ್ಚಿದೆ, ಹೇಗೂ ಸೋಮವಾರದಿಂದ ಶುರು ಮಾಡಿದರಾಯಿತು ಎಂದು ಮನಸ್ಸು ಒಂದರ ಹಿಂದೊಂದು ನೆಪ ಹುಡುಕುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತಿದೆ, ದಿನವೂ ನಡೆಯಿರಿ ಎಂದು ವೈದ್ಯರು ಹೇಳಿ ಮೂರು ತಿಂಗಳಾಯಿತು. ಅಂದೇ ಕೊಂಡ ಬೂಟು ಬಾಗಿಲ ಬಳಿ ಇದೆ. ಅದರ ಅಡಿಗೆ ಇನ್ನೂ ಮಣ್ಣು ತಾಗಿಲ್ಲ.

ಇಂಥ ಮನೆ ಕೆಂಗೇರಿಯಲ್ಲಿ ಒಂದೇ ಅಲ್ಲ, ಕೆಂಗೇರಿಯೊಂದರಲ್ಲೇ ಇರುವುದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೂ ಸೇರಿ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಮೈಗೆ ಬೇಕಾದಷ್ಟು ಚಟುವಟಿಕೆ ಸಿಗುತ್ತಿಲ್ಲ. 2000ದಲ್ಲಿ ಈ ಪ್ರಮಾಣ ಶೇ 22ರಷ್ಟಿತ್ತು. 2022ರ ಹೊತ್ತಿಗೆ ಅದು ಶೇ 49 ದಾಟಿತು. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗಳು ನಲವತ್ತು ದಾಟುವ ಮೊದಲೇ ಮನೆಗಳ ಕದ ತಟ್ಟುತ್ತಿರುವುದಕ್ಕೆ ಇದೂ ಒಂದು ಕಾರಣ.

ವ್ಯಾಯಾಮ ಮಾಡದವರನ್ನು ಸೋಮಾರಿಗಳೆಂದು ಕರೆಯುವುದು ವಾಡಿಕೆ. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದೇಶದ ಸ್ವಭಾವವೇ ಹೀಗೆ ಬದಲಾಗಲು ಸಾಧ್ಯವೆ? ಬದಲಾದದ್ದು ಸ್ವಭಾವಕ್ಕಿಂತ ಹೆಚ್ಚಾಗಿ ಬದುಕಿನ ಏರ್ಪಾಡು. ಇದನ್ನು ತಿಳಿದರೆ, ಮೈ ಬಗ್ಗಿಸಲು ಇಷ್ಟವೇ ಇಲ್ಲದವರು ಏನು ಮಾಡಬಹುದು ಎಂಬ ಪ್ರಶ್ನೆಗೂ ದಾರಿ ಸಿಗುತ್ತದೆ.

ಕೆಲಸವೇ ಕಸರತ್ತಾಗಿದ್ದಾಗ

ಮೈಸೂರು ರಸ್ತೆಯ ಮೇಲಿನ ಕೆಂಗೇರಿ ಬಹುಕಾಲ ಬೆಂಗಳೂರಿನಿಂದ ದೂರವೇ ಉಳಿದಿದ್ದ ಬೇರೆ ಊರು. ಸುತ್ತ ಹೊಲ, ತೋಟ, ಕೆರೆ, ಪಕ್ಕದಲ್ಲಿ ವೃಷಭಾವತಿ. ಇಂಥ ಊರಿನ ಹೆಂಗಸಿನ ದಿನ ಬಾವಿಯಿಂದ ನೀರು ಸೇದುವುದರಿಂದ ಶುರುವಾಗುತ್ತಿತ್ತು. ರಾಗಿ ಬೀಸಬೇಕು, ಒರಳಲ್ಲಿ ರುಬ್ಬಬೇಕು, ಬಟ್ಟೆ ಕಲ್ಲಿಗೆ ಒಗೆಯಬೇಕು. ಗಂಡಸಿಗೆ ಹೊಲದ ಕೆಲಸ, ದನದ ಕೆಲಸ, ಸಂತೆಗೆ ಕಾಲುನಡಿಗೆ. ಇದನ್ನು ಯಾರೂ ವ್ಯಾಯಾಮವೆಂದು ಕರೆಯಲಿಲ್ಲ. ಇಷ್ಟವಿದೆಯೇ ಎಂದು ಕೇಳಿದವರೂ ಇಲ್ಲ. ರಾಗಿ ಬೀಸದಿದ್ದರೆ ಮುದ್ದೆ ಇಲ್ಲ, ಅಷ್ಟೆ.

ಮುಂದೆ ನೀರು ನಲ್ಲಿಗೆ ಬಂತು, ಒರಳಿನ ಕೆಲಸವನ್ನು ಗ್ರೈಂಡರ್ ವಹಿಸಿಕೊಂಡಿತು, ಒಗೆಯುವ ಕಲ್ಲಿನದನ್ನು ಯಂತ್ರ ಮಾಡಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಏಳು ನಗರಸಭೆಗಳ ಜೊತೆ ಅದರಲ್ಲಿ ಸೇರಿಹೋದ ಒಂದೇ ಒಂದು ಪುರಸಭೆ ಕೆಂಗೇರಿಯದು. 2021ರ ಆಗಸ್ಟ್‌ನಲ್ಲಿ ಮೆಟ್ರೊ ರೈಲು ಇಲ್ಲಿಗೆ ಬಂತು. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೂ ಮುಂದುವರಿಯಿತು. ಈಗ ಊರಿನ ಬಹುಮಂದಿಯ ದಿನ ಕುರ್ಚಿಯಿಂದ ಸೀಟಿಗೆ, ಸೀಟಿನಿಂದ ಸೋಫಾಕ್ಕೆ.

ಇವೆಲ್ಲ ಲಾಭವೇ. ಬೀಸುವ ಕಲ್ಲು ತಿರುಗಿಸಿದ ಅಜ್ಜಿಯನ್ನು ಕೇಳಿದರೆ ಆ ಕಾಲ ಮತ್ತೆ ಬರಲಿ ಎನ್ನಲಾರಳು. ಆದರೆ ಕೆಲಸವು ಮೈಯಿಂದ ಸದ್ದಿಲ್ಲದೆ ವಸೂಲು ಮಾಡುತ್ತಿದ್ದ ಶ್ರಮವನ್ನು ಈಗ ಬೇರೆಯಾಗಿ, ವೇಳೆ ಹೊಂದಿಸಿಕೊಂಡು, ಇಚ್ಛೆಯಿಂದ ಮಾಡಬೇಕಾಗಿದೆ. ಕೊನೆಗೆ ಕೂಲಿಯೂ ಇಲ್ಲ, ಮುದ್ದೆಯೂ ಇಲ್ಲ. ಮೈ ಒಲ್ಲೆ ಎನ್ನುವುದು ಇಲ್ಲಿಯೇ.

ಈ 'ಒಲ್ಲೆ' ಬಹಳ ಹಳೆಯದು. ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮಾನವ ದೇಹದ ವಿಕಾಸವನ್ನು ಅಧ್ಯಯನ ಮಾಡಿದವರು. 2020ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಹೇಳುವುದು ಇಷ್ಟು: ಆಹಾರ ಹುಡುಕಿ ಅಲೆಯುತ್ತಿದ್ದ ಮನುಷ್ಯನಿಗೆ ವ್ಯರ್ಥವಾಗಿ ಖರ್ಚು ಮಾಡಲು ಶಕ್ತಿಯೇ ಇರಲಿಲ್ಲ. ಅವನು ಮೈ ಬಗ್ಗಿಸಿದ್ದು ಎರಡೇ ಕಾರಣಕ್ಕೆ. ಒಂದು, ಮಾಡದೆ ವಿಧಿಯಿಲ್ಲದಾಗ. ಇನ್ನೊಂದು, ಅದರಲ್ಲಿ ಕುಣಿತ, ಆಟ, ಜೊತೆಯವರ ಸಂತೋಷ ಇದ್ದಾಗ. ಉಳಿದ ಹೊತ್ತಿನಲ್ಲಿ ಸುಮ್ಮನೆ ಕೂರುವುದೇ ಜಾಣತನವಾಗಿತ್ತು. ಹೊದಿಕೆಯೊಳಗೆ ಸೇರಿಕೊಂಡ ಆ ಕೈ ಅದೇ ಹಳೆಯ ಜಾಣತನವನ್ನು ಪಾಲಿಸುತ್ತಿದೆ.

ಗರಡಿಮನೆಯ ಗುಟ್ಟು

ಹಾಗೆಂದು ವ್ಯಾಯಾಮಕ್ಕಾಗಿಯೇ ವ್ಯಾಯಾಮ ಮಾಡುವ ಸಂಪ್ರದಾಯ ಕನ್ನಡ ನಾಡಿನಲ್ಲಿ ಇರಲಿಲ್ಲವೆಂದಲ್ಲ. ಬೆಂಗಳೂರು ಪೇಟೆಯಲ್ಲಿ, ಮೈಸೂರಿನ ಮೊಹಲ್ಲಾಗಳಲ್ಲಿ ಗರಡಿಮನೆಗಳಿದ್ದವು. ಕೆಲವು ಇಂದಿಗೂ ಇವೆ. ಒಳಗೆ ಆಂಜನೇಯನ ಪಟ, ಹದ ಮಾಡಿದ ಕೆಮ್ಮಣ್ಣು, ಗದೆ, ಕಲ್ಲುಗುಂಡು. ಹುಡುಗರು ಮಣ್ಣಿಗೆ ನಮಸ್ಕರಿಸಿ ಇಳಿದು ದಂಡ, ಬಸ್ಕಿ ಹೊಡೆಯುತ್ತಾರೆ. ಉಸ್ತಾದರ ಕಣ್ಣು ಎಲ್ಲರ ಮೇಲೆ.

ಅಲ್ಲಿಗೆ ಹೋಗುತ್ತಿದ್ದ ಪ್ರತಿಯೊಬ್ಬನಿಗೂ ನಸುಕಿನಲ್ಲಿ ಏಳುವುದು ಇಷ್ಟವಾಗಿತ್ತೆ? ಖಂಡಿತ ಇರಲಾರದು. ಆದರೆ ಗರಡಿಯ ವ್ಯವಸ್ಥೆ ಒಬ್ಬೊಬ್ಬನ ಇಷ್ಟವನ್ನು ನಂಬಿ ಕೂತಿರಲಿಲ್ಲ. ಬರದಿದ್ದರೆ ಕೇಳುವವರಿದ್ದರು. ಬಂದರೆ ಜೊತೆಗಾರರಿದ್ದರು. ಮುಂದೆ ದಸರೆಯ ಕುಸ್ತಿ ಇತ್ತು, ಊರಹಬ್ಬವಿತ್ತು. ಬೆಂಗಳೂರಿನ ತಿಗಳರ ಗರಡಿಗಳಿಗೆ ಕರಗದ ವೀರಕುಮಾರರ ನಂಟಿದೆ. ಚೈತ್ರದ ಹುಣ್ಣಿಮೆಯಂದು ಕತ್ತಿ ಹಿಡಿದು ಕರಗದ ಜೊತೆ ರಾತ್ರಿಯೆಲ್ಲ ಸಾಗಬೇಕಾದವನಿಗೆ ಕಾಲಿನ ಬಲ ಏಕೆ ಬೇಕೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಜಾಗ, ಹೊತ್ತು, ಜೊತೆ, ಗುರಿ ಎಂಬ ನಾಲ್ಕು ಕಂಬಗಳ ಮೇಲೆ ಗರಡಿ ನಿಂತಿತ್ತು.

ಇದೇ ಗುಟ್ಟನ್ನು ಹೊಸ ಕಾಲಕ್ಕೆ ಹೊಂದಿಸಿದವರು ಕೆ.ವಿ. ಅಯ್ಯರ್. ಕೋಲಾರ ಸೀಮೆಯಿಂದ ಬಂದು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಇವರನ್ನು ಕನ್ನಡದ ಓದುಗರು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಹೆಚ್ಚು ಬಲ್ಲರು. 1937ರಲ್ಲಿ ಸೂರ್ಯನಮಸ್ಕಾರದ ಬಗ್ಗೆ ಪುಸ್ತಕ ಬರೆದರು. ವ್ಯಾಯಾಮಶಾಲೆಗೆ ಬರಲಾಗದ ದೂರದವರಿಗೆ ಅಂಚೆಯ ಮೂಲಕ ಪಾಠ ಕಳುಹಿಸುತ್ತಿದ್ದರು. ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯರು. 'ರವಿ ಕಲಾವಿದರು' ಎಂಬ ನಾಟಕ ತಂಡವನ್ನೂ ಅಯ್ಯರ್ ಕಟ್ಟಿದರು. ಅವರ ಬಳಗದಲ್ಲಿ ಮೈಯ ಕಸರತ್ತೂ ನಾಟಕದ ಮಾತೂ ಒಟ್ಟಿಗೇ ಸಾಗಿದವು. ಡಂಬೆಲ್ ಎತ್ತಲು ಮನಸ್ಸಿಲ್ಲದ ದಿನವೂ ಗೆಳೆಯರ ಹರಟೆಗಾಗಿ ಕಾಲು ಅತ್ತ ಎಳೆದರೆ ಆಶ್ಚರ್ಯವಿಲ್ಲ.

ಇನ್ನೊಂದು ನಿದರ್ಶನ ಪ್ರತಿ ವರ್ಷ ಕಣ್ಣ ಮುಂದೆಯೇ ನಡೆಯುತ್ತದೆ. ಮೂಲೆಯ ಅಂಗಡಿಗೂ ಸ್ಕೂಟರ್ ತೆಗೆಯುವವರು ಶಿವರಾತ್ರಿ ಬಂದರೆ ಬೆಂಗಳೂರಿನಿಂದ ಧರ್ಮಸ್ಥಳದವರೆಗೆ ಪಾದಯಾತ್ರೆ ಹೊರಡುತ್ತಾರೆ. ಮುನ್ನೂರು ಕಿಲೋಮೀಟರಿನ ಆಸುಪಾಸಿನ ಹಾದಿ ಅದು. ಹರಕೆ ಇದೆ, ಗುಂಪಿದೆ, ದಾರಿಯಲ್ಲಿ ಮಜ್ಜಿಗೆ ಕೊಡುವವರಿದ್ದಾರೆ. ಕಾಲು ಅದೇ, ನೆಪ ಬೇರೆ.

ಎಷ್ಟು ಮಾಡಿದರೆ ಸಾಕು?

ಒಲ್ಲದವರನ್ನು ಹೆದರಿಸುವ ಇನ್ನೊಂದು ಸಂಗತಿ ಪ್ರಮಾಣ. ಬೆವರು ಸುರಿಯದೆ ಫಲವಿಲ್ಲ, ಗಂಟೆಗಟ್ಟಲೆ ಓಡಬೇಕು ಎಂಬ ಭಯ. ವಿಜ್ಞಾನ ಹೇಳುವುದು ಇದಕ್ಕಿಂತ ಮೃದುವಾದ ಮಾತನ್ನು.

ಲಂಡನ್ನಿನ ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಆ ನಗರದ ಸಾರಿಗೆ ನೌಕರರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಡಬಲ್ ಡೆಕ್ಕರ್ ಬಸ್ಸಿನ ಚಾಲಕ ದಿನವೆಲ್ಲ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಎಂದು ಕಂಡುಬಂತು. ಚಾಲಕರು ಕೆಲಸಕ್ಕೆ ಸೇರುವಾಗಲೇ ದಪ್ಪಗಿದ್ದರೆ? ಈ ಸಂದೇಹ ಮಾರಿಸ್ ಅವರಿಗೂ ಬಂತು. ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದರು. ಚಾಲಕರ ಸೊಂಟದ ಸುತ್ತಳತೆ ಹೆಚ್ಚೇ ಇತ್ತು, ಆದರೆ ವ್ಯತ್ಯಾಸವನ್ನೆಲ್ಲ ಅದೊಂದೇ ವಿವರಿಸಲಿಲ್ಲ. ಕಂಡಕ್ಟರುಗಳಲ್ಲಿ ಯಾರೂ ವ್ಯಾಯಾಮ ಮಾಡುತ್ತೇನೆಂದು ಸಂಕಲ್ಪ ತೊಟ್ಟವರಲ್ಲ. ಅವರು ಟಿಕೆಟ್ ಕೊಟ್ಟರು, ಅಷ್ಟೆ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಂತ್ರದ ಮೂಲವೂ ಸ್ವಾರಸ್ಯಕರ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಉಪಕರಣವನ್ನು ಮಾರುಕಟ್ಟೆಗೆ ತಂದಿತು. 'ಮಾನ್ಪೊ-ಕೆಯ್', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂಬುದು ಅದರ ಹೆಸರು. ಮಾರಾಟದ ಹೆಸರು ಕ್ರಮೇಣ ಆರೋಗ್ಯದ ನಿಯಮವಾಯಿತು. ಅಮೆರಿಕದ ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದ ಮಹಿಳೆಯರನ್ನು ಕುರಿತ 2019ರ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಆರೋಗ್ಯವಂತರೇ ಹೆಚ್ಚು ನಡೆಯುತ್ತಾರೆ ಎಂಬ ಅಂಶ ಇದರಲ್ಲಿ ಸ್ವಲ್ಪ ಬೆರೆತಿರಬಹುದು. ಆದರೂ ಅತಿ ಕಡಿಮೆ ನಡೆಯುವವರಿಗೇ ಮೊದಲ ಕೆಲವು ಹೆಜ್ಜೆಗಳಿಂದ ಅತಿ ಹೆಚ್ಚು ಲಾಭ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಶ್ರಮ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಸಾಧಾರಣ ಶ್ರಮವೆಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಚುರುಕಿನ ನಡಿಗೆ ಸಾಕು. ಒಮ್ಮೆಗೆ ಹತ್ತು ನಿಮಿಷವಾದರೂ ಆಗಬೇಕು ಎಂದಿದ್ದ ಹಿಂದಿನ ಷರತ್ತನ್ನು ಆ ಸಲಹೆ ಕೈಬಿಟ್ಟಿದೆ. ಊಟದ ನಂತರ ಹತ್ತು ಹೆಜ್ಜೆ ಅಡ್ಡಾಡು ಎನ್ನುತ್ತಿದ್ದ ಹಿರಿಯರ ಮಾತಿಗೂ ಆಧಾರವಿದೆ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಂಡು ಬಳಸುತ್ತವೆ.

ನೆಪಕ್ಕೆ ಪ್ರತಿನೆಪ

ಹಾಗಾದರೆ ಒಲ್ಲದ ಮೈಯನ್ನು ಎಬ್ಬಿಸುವ ಬಗೆ ಹೇಗೆ? ಮನಸ್ಸು ಮಾಡಬೇಕು ಎಂಬ ಉಪದೇಶ ಬಹಳ ದಿನ ನಡೆಯದು. ಮನಸ್ಸು ಎಂಬುದು ದಿನಕ್ಕೊಂದು ರೀತಿ. ಅದಕ್ಕಿಂತ ನಂಬಿಕೆಗೆ ಯೋಗ್ಯವಾದದ್ದು ಏರ್ಪಾಡು.

ಮೊದಲನೆಯದು ಜೊತೆ. ಕೆಂಗೇರಿಯ ಸಮೀಪದ ಜ್ಞಾನಭಾರತಿ ಆವರಣ ಸಾವಿರ ಎಕರೆಗೂ ಮೀರಿದ್ದು. ಅದರ ಮರಗಳ ನೆರಳು ಬೆಳಗಿನ ನಡಿಗೆದಾರರಿಗೆ ಬಹಳ ಕಾಲದಿಂದ ಪ್ರಿಯ. ಅಂಥ ಕಡೆ ಒಬ್ಬೊಬ್ಬರೇ ನಡೆಯುವವರಿಗಿಂತ ಮಾತಾಡುತ್ತ ನಡೆಯುವ ಗುಂಪುಗಳು ಹೆಚ್ಚು ಕಾಲ ಉಳಿಯುತ್ತವೆ. ಗೇಟಿನ ಬಳಿ ಒಬ್ಬರು ಕಾಯುತ್ತಿದ್ದಾರೆ ಎಂಬ ದಾಕ್ಷಿಣ್ಯ ಅಲಾರಾಮಿಗಿಂತ ಜೋರಾಗಿ ಎಬ್ಬಿಸುತ್ತದೆ.

ಎರಡನೆಯದು ಆಸೆಯನ್ನು ಶ್ರಮಕ್ಕೆ ಗಂಟು ಹಾಕುವುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕೇಟಿ ಮಿಲ್ಕ್‌ಮನ್ ಮತ್ತು ಜೊತೆಯವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕುತೂಹಲ ಕೆರಳಿಸುವ ಕಾದಂಬರಿಗಳ ಧ್ವನಿಮುದ್ರಣವನ್ನು ಜಿಮ್‌ನಲ್ಲಿ ಮಾತ್ರ ಕೇಳಬಹುದು ಎಂದು ಕೆಲವರಿಗೆ ಕಟ್ಟು ಹಾಕಿದರು. ಮೊದಮೊದಲು ಅವರು ಉಳಿದವರಿಗಿಂತ ಶೇ 51ರಷ್ಟು ಹೆಚ್ಚು ಸಲ ಬಂದರು. ನಡುವೆ ಹಬ್ಬದ ರಜೆ ಬಂತು; ಹುಮ್ಮಸ್ಸು ಇಳಿದುಹೋಯಿತು. ಎರಡೂ ಪಾಠವೇ. ಹಳೆಯ ಚಿತ್ರಗೀತೆಯೋ ಹರಿಕಥೆಯೋ ನಡೆಯುವಾಗ ಮಾತ್ರ ಎಂದು ಇಟ್ಟುಕೊಳ್ಳಬಹುದು. ಗಣೇಶನ ಹಬ್ಬ, ದೀಪಾವಳಿ ಕಳೆದ ಮರುದಿನ ಮತ್ತೆ ಶುರು ಮಾಡುವುದನ್ನು ಹಬ್ಬಕ್ಕೆ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮೂರನೆಯದು ದಾರಿಯಲ್ಲಿಯೇ ಇರುವುದನ್ನು ಬಳಸುವುದು. ಕೆಂಗೇರಿ ಕಡೆಯ ಮೆಟ್ರೊ ನಿಲ್ದಾಣಗಳು ಎತ್ತರದಲ್ಲಿವೆ. ಚಲಿಸುವ ಮೆಟ್ಟಿಲನ್ನು ಬಿಟ್ಟು ಪಕ್ಕದ ಮೆಟ್ಟಿಲು ಹತ್ತಿದರೆ ಲಂಡನ್ನಿನ ಕಂಡಕ್ಟರನ ಭಾಗ್ಯದಲ್ಲಿ ಒಂದು ಪಾಲು ಸಿಕ್ಕಂತೆ. ತರಕಾರಿಗೆ ನಡೆದೇ ಹೋಗಿ ಚೀಲ ಹೊತ್ತು ತಂದರೆ ಕೈಗೂ ಕೆಲಸವಾಯಿತು.

ನಾಲ್ಕನೆಯದು ತಾಳ್ಮೆ. ಲಂಡನ್ನಿನಲ್ಲಿಯೇ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ರೂಢಿ ಮೈಗೂಡಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನವೂ ಬೇಕಾಗಬಹುದಿತ್ತು. ನಡುವೆ ಒಂದು ದಿನ ತಪ್ಪಿದರೆ ರೂಢಿಯೇನೂ ಕೆಡಲಿಲ್ಲ. ಒಂದು ದಿನ ತಪ್ಪಿತೆಂದು ಪೂರ್ತಿ ಬಿಟ್ಟುಬಿಡುವವರು ಇದನ್ನು ನೆನಪಿಡಬೇಕು. ಎದೆನೋವು, ಮೊಣಕಾಲಿನ ತೊಂದರೆ ಇರುವವರು, ಬಹಳ ವರ್ಷ ಕೂತೇ ಇದ್ದವರು ವೈದ್ಯರನ್ನು ಕೇಳಿ ನಿಧಾನವಾಗಿ ಆರಂಭಿಸುವುದು ಒಳ್ಳೆಯದು.

ಹೆಂಗಸರ ವಿಷಯದಲ್ಲಿ ಏರ್ಪಾಡು ಇನ್ನೂ ಮುಖ್ಯ. ಬೆಳಗಿನ ಆರು ಗಂಟೆ ಅವರಿಗೆ ಡಬ್ಬಿ ಕಟ್ಟುವ ಹೊತ್ತು. ಸಂಜೆ ಏಳಕ್ಕೆ ರಸ್ತೆಯಲ್ಲಿ ದೀಪವಿಲ್ಲ, ಪಾದಚಾರಿ ಮಾರ್ಗದ ಮೇಲೆ ಬೈಕು ನಿಂತಿರುತ್ತದೆ. ಶೇ 57 ಎಂಬ ಅಂಕಿಯ ಹಿಂದೆ ಇಷ್ಟವಿಲ್ಲದಿರುವುದಕ್ಕಿಂತ ಬಿಡುವಿಲ್ಲದಿರುವುದೇ ದೊಡ್ಡದು. ಡಬ್ಬಿಯನ್ನು ಮನೆಯ ಇನ್ನೊಬ್ಬರು ಕಟ್ಟಿದರೆ ಆಕೆಗೆ ಅರ್ಧ ಗಂಟೆ ಸಿಗುತ್ತದೆ. ಯಾವ ಉಪದೇಶವೂ ಅಷ್ಟನ್ನು ಕೊಡಲಾರದು.

ಉಪನಗರದ ಆ ಮನೆಯಲ್ಲಿ ನಾಳೆಯೂ ಅಲಾರಾಂ ಬಡಿಯುತ್ತದೆ. ಎದ್ದವನಿಗೆ ನಡಿಗೆಯ ಮೇಲೆ ಪ್ರೀತಿ ಹುಟ್ಟಬೇಕೆಂದೇನೂ ಇಲ್ಲ. ಹಲ್ಲುಜ್ಜುವುದನ್ನು ಪ್ರೀತಿಯಿಂದ ಮಾಡುವವರು ಎಷ್ಟು ಮಂದಿ? ರಸ್ತೆಯ ತಿರುವಿನಲ್ಲಿ ಪಕ್ಕದ ಮನೆಯವರು ನಿಂತು, 'ಬನ್ನಿ ಸಾರ್, ಹೊತ್ತಾಯ್ತು' ಎನ್ನುವಂತಿದ್ದರೆ ಸಾಕು. ಬೂಟಿಗೆ ಮಣ್ಣು ತಾಗುತ್ತದೆ.