ನೋವು ಇಳಿಯಿತು, ಹಲ್ಲು ಅಲ್ಲೇ ಇದೆ

ಬಾಯಿ ಎರಡು ಬೆರಳಗಲಕ್ಕಿಂತ ಹೆಚ್ಚು ತೆರೆಯುತ್ತಿಲ್ಲ. ಎಂಜಲು ನುಂಗಿದರೂ ಕಿವಿಯವರೆಗೆ ಚಳಕು. ಕೆಳದವಡೆಯ ಕೊನೆಯಲ್ಲಿ ಬುದ್ಧಿಹಲ್ಲು ಅರ್ಧ ತಲೆ ಎತ್ತಿದೆ. ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ ಬರುವ ಈ ಹಲ್ಲು ಬುದ್ಧಿ ತರುತ್ತದೋ ಇಲ್ಲವೋ, ಪರೀಕ್ಷೆಯ ಹಿಂದಿನ ರಾತ್ರಿಯನ್ನಂತೂ ಹುಡುಕಿಕೊಂಡು ಬರುತ್ತದೆ.

ದವಡೆಯಲ್ಲಿ ಎಡೆ ಸಾಲದೆ ಹಲ್ಲು ಅರ್ಧಕ್ಕೇ ನಿಂತರೆ ಅದರ ಮೇಲೆ ವಸಡಿನ ಮಡಿಕೆಯೊಂದು ಟೋಪಿಯಂತೆ ಉಳಿಯುತ್ತದೆ. ಅದರಡಿ ಸೇರಿದ ಅನ್ನದಗುಳು ಅಲ್ಲೇ ಕೊಳೆಯುತ್ತದೆ. ಊದಿದ ವಸಡನ್ನು ಮೇಲಿನ ಹಲ್ಲು ಕಚ್ಚುತ್ತದೆ, ಊತ ಇನ್ನೂ ಹೆಚ್ಚುತ್ತದೆ. ದಂತವೈದ್ಯರ ಭಾಷೆಯಲ್ಲಿ ಇದು ಪೆರಿಕೊರೊನೈಟಿಸ್.

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ. ನೋವೆಂದು ಆ ಬದಿ ಉಜ್ಜುವುದನ್ನು ಬಿಡಬೇಡಿ. ಮಕ್ಕಳ ಪುಟ್ಟ ಬ್ರಷ್ ಆ ಮೂಲೆಗೆ ಸಲೀಸು. ಅಜ್ಜಿಯ ಲವಂಗದಲ್ಲಿರುವ ಯೂಜಿನಾಲ್ ಮರಗಟ್ಟಿಸುವುದು ನಿಜ, ಆದರೆ ಲವಂಗದೆಣ್ಣೆ ಸುರಿದುಕೊಂಡರೆ ವಸಡು ಸುಡುತ್ತದೆ. ಕಡ್ಡಿಪುಡಿ ಒತ್ತಿಕೊಳ್ಳುವವರಿಗೆ ಏನು ಹೇಳುವುದು! ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯುವ ಆಂಟಿಬಯಾಟಿಕ್ ಕೂಡ ಎಲ್ಲ ನೋವಿಗೂ ಬೇಕಿಲ್ಲ. ವೈದ್ಯರು ಮಡಿಕೆಯಡಿ ಸಿರಿಂಜಿನಿಂದ ತೊಳೆದರೇ ಎಷ್ಟೋ ಹಗುರ. ಜ್ವರ ಬಂದು, ಗದ್ದದಡಿ ಊದಿ, ನುಂಗಲು, ಉಸಿರಾಡಲು ಕಷ್ಟವಾದರೆ ಮಾತ್ರ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಬೇಕು.

ನನ್ನ ತಕರಾರು ಆಮೇಲಿನ ದಿನಗಳ ಬಗ್ಗೆ. ನಾಲ್ಕೈದು ದಿನಕ್ಕೆ ನೋವು ಇಳಿಯುತ್ತದೆ, ನಾವು ಡಾಕ್ಟರಿಗೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ರದ್ದು ಮಾಡುತ್ತೇವೆ. ಮಡಿಕೆ ಎಲ್ಲಿಗೆ ಹೋಯಿತು? ದವಡೆಯ ಎಕ್ಸ್‌ರೇ ತೆಗೆಸಲು ಈ ಬಿಡುವೇ ಸರಿಯಾದ ಹೊತ್ತು. ಹಾಗೆಂದು ಬುದ್ಧಿಹಲ್ಲನ್ನೆಲ್ಲ ಕೀಳಿಸಬೇಕಿಲ್ಲ. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2000ದಲ್ಲಿ ಕೊಟ್ಟ ಸಲಹೆಯಂತೆ, ತೊಂದರೆ ಕೊಡದ ಹಲ್ಲನ್ನು ಮುಟ್ಟಬಾರದು. ಮೊದಲ ಸಲದ ಉರಿಯೂತ ತೀವ್ರವಾಗಿರದಿದ್ದರೆ ಅದೂ ಕೀಳಿಸಲು ಕಾರಣವಲ್ಲ. ಎರಡನೆಯ ಸಲ ಬಂದರೆ ಮಾತು ಬೇರೆ.

ಕೀಳಿಸಿದಿರೋ, ಹತ್ತಿಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಿರಿ. ಗುಳಿಯಲ್ಲಿ ಹೆಪ್ಪುಗಟ್ಟುವ ರಕ್ತವೇ ಅಲ್ಲಿನ ಪಟ್ಟಿ. ಉಗುಳಿದರೆ, ಸ್ಟ್ರಾದಲ್ಲಿ ಎಳನೀರು ಹೀರಿದರೆ, ಬೀಡಿ ಎಳೆದರೆ ಅದು ಕಿತ್ತುಬರಬಹುದು; ಮೂರನೆಯ ದಿನದ ಹೊತ್ತಿಗೆ ಹಲ್ಲಿದ್ದಾಗಿನ ನೋವೇ ವಾಸಿ ಅನ್ನಿಸೀತು. ಉಪ್ಪುನೀರೂ 24 ಗಂಟೆ ಕಾಯಲಿ. ತಣಿಸಿದ ಗಂಜಿ, ರಾಗಿ ಅಂಬಲಿ, ಮೆತ್ತಗಿನ ಮೊಸರನ್ನ ಸಾಕು. ಗುಳಿ ಪೂರ್ತಿ ತುಂಬಲು ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯತನಕ ನಾಲಿಗೆ ದಿನಕ್ಕೆ ಹತ್ತು ಸಲ ಹೋಗಿ ಇಣುಕಿ ಬರುತ್ತಿರುತ್ತದೆ.