ಹೊಟ್ಟೆಯ ಕೊಬ್ಬು, ಎದೆಯ ನೆತ್ತರು

ಸ್ತನ ಕ್ಯಾನ್ಸರಿಗಾಗಿ ಇಡೀ ಸ್ತನವನ್ನು ತೆಗೆಯುವ ಶಸ್ತ್ರಚಿಕಿತ್ಸೆಗೆ ಮ್ಯಾಸ್ಟೆಕ್ಟಮಿ ಎನ್ನುತ್ತಾರೆ. ಆ ಜಾಗದಲ್ಲಿ ಸ್ತನದ ಆಕಾರವನ್ನು ಮತ್ತೆ ಕಟ್ಟಲು ಮುಖ್ಯವಾಗಿ ಎರಡು ದಾರಿಗಳಿವೆ. ಸಿಲಿಕೋನ್ ಇಂಪ್ಲಾಂಟ್ ಇಡುವುದು ಒಂದು. ಮಹಿಳೆಯ ಮೈಯಿಂದಲೇ, ಸಾಮಾನ್ಯವಾಗಿ ಹೊಕ್ಕುಳಿನ ಕೆಳಗಿನಿಂದ, ಚರ್ಮ ಮತ್ತು ಕೊಬ್ಬನ್ನು ತಂದು ಕೂಡಿಸುವುದು ಇನ್ನೊಂದು. ಈ ಅಧ್ಯಾಯ ಎರಡನೆಯದರ ಬಗ್ಗೆ.

ನೆತ್ತರಿನ ದಾರಿ

ಹೊಟ್ಟೆಯ ಕೊಬ್ಬನ್ನು ತೆಗೆದು ಎದೆಯಲ್ಲಿ ಇಟ್ಟುಬಿಟ್ಟರೆ ಸಾಲದೇ? ಸಾಲದು. ಅಷ್ಟು ದಪ್ಪದ ತುಂಡು ರಕ್ತ ಸಿಗದೆ ಸತ್ತುಹೋಗುತ್ತದೆ. ಅದರೊಂದಿಗೆ ಅದನ್ನು ಪೋಷಿಸುವ ರಕ್ತನಾಳವೂ ಬರಬೇಕು. ಹೀಗೆ ರಕ್ತದ ವ್ಯವಸ್ಥೆ ಸಮೇತ ಜಾಗ ಬದಲಿಸುವ ತುಂಡಿಗೆ ವೈದ್ಯರು ಫ್ಲ್ಯಾಪ್ ಎನ್ನುತ್ತಾರೆ.

ಈ ತತ್ವ ನಮ್ಮಲ್ಲಿ ಹಳೆಯದು. ಟಿಪ್ಪುವಿನ ಸೆರೆಯಲ್ಲಿ ಮೂಗು ಕಳೆದುಕೊಂಡ ಕವಾಸ್ಜಿ ಎಂಬ ಗಾಡಿ ಹೊಡೆಯುವವನಿಗೆ ಪುಣೆಯ ಬಳಿ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬಂತು. ಅಲ್ಲಿ ಹಣೆಯ ಚರ್ಮವನ್ನು ಪೂರ್ತಿ ಬಿಡಿಸಿರಲಿಲ್ಲ. ಹುಬ್ಬುಗಳ ನಡುವೆ ಒಂದು ಪಟ್ಟಿಯನ್ನು ಉಳಿಸಿ, ಅದನ್ನು ಮೂಗಿನ ಮೇಲಕ್ಕೆ ತಿರುಗಿಸಿದ್ದರು. ಆ ಪಟ್ಟಿಯಲ್ಲೇ ರಕ್ತ ಹರಿಯುತ್ತಿತ್ತು.

ಬೆನ್ನಿನಿಂದ ಹೊಟ್ಟೆಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಸ್ತನದ ಜೊತೆಗೆ ಎದೆಯ ಸ್ನಾಯು ಮತ್ತು ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ಪದ್ಧತಿಯನ್ನು ರೂಢಿಗೆ ತಂದರು. ಅದರಿಂದ ಉಳಿಯುತ್ತಿದ್ದ ದೊಡ್ಡ ಗಾಯವನ್ನು ಮುಚ್ಚಲು ಇಟಲಿಯ ಇಜಿನಿಯೊ ತಾನ್ಸಿನಿ ಬೆನ್ನಿನ ಅಗಲ ಸ್ನಾಯುವನ್ನು ಅದರ ಮೇಲಿನ ಚರ್ಮದ ಸಮೇತ ಮುಂದಕ್ಕೆ ತಿರುಗಿಸಿದರು. 1906ರಲ್ಲಿ ಅವರು ವಿವರಿಸಿದ ಈ ವಿಧಾನ ಮುಂದೆ ಮರೆಗೆ ಸರಿದು, 1970ರ ದಶಕದಲ್ಲಿ ಮತ್ತೆ ಬಳಕೆಗೆ ಬಂತು.

1982ರಲ್ಲಿ ಅಟ್ಲಾಂಟಾದ ಕಾರ್ಲ್ ಹಾರ್ಟ್ರಾಂಪ್ ಹೊಟ್ಟೆಯತ್ತ ಹೊರಳಿದರು. ಹೊಟ್ಟೆಯ ನೇರ ಸ್ನಾಯುವಿನ ಮೇಲ್ತುದಿಯನ್ನು ಹಾಗೇ ಉಳಿಸಿ, ಕೆಳಗಿನ ಚರ್ಮ-ಕೊಬ್ಬನ್ನು ಚರ್ಮದಡಿಯ ಸುರಂಗದ ಮೂಲಕ ಎದೆಗೆ ತಂದರು. ಇದೇ ಟ್ರ್ಯಾಮ್ ಫ್ಲ್ಯಾಪ್. ಆಕಾರ ಚೆನ್ನಾಗಿ ಬಂತು. ಆದರೆ ಸ್ನಾಯು ಕಳೆದುಕೊಂಡ ಹೊಟ್ಟೆಯ ಗೋಡೆ ಸಡಿಲಾಗಿ, ಕೆಲವರಿಗೆ ಹರ್ನಿಯಾ ಆಗುತ್ತಿತ್ತು.

ಕೊಬ್ಬಿಗೆ ಬೇಕಾಗಿದ್ದದ್ದು ರಕ್ತ. ಸ್ನಾಯು ಬರೀ ಆ ರಕ್ತನಾಳ ಹಾದುಬರುವ ಜಾಗ. ಸ್ನಾಯುವನ್ನು ಅಲ್ಲೇ ಬಿಟ್ಟು ನಾಳವನ್ನಷ್ಟೇ ತರಬಹುದೆಂದು 1989ರಲ್ಲಿ ಜಪಾನಿನ ಇಸಾವೊ ಕೊಶಿಮಾ ತೋರಿಸಿಕೊಟ್ಟರು. 1992ರಲ್ಲಿ ನ್ಯೂ ಆರ್ಲಿಯನ್ಸಿನ ರಾಬರ್ಟ್ ಅಲೆನ್ ಅದನ್ನು ಸ್ತನ ಕಟ್ಟಲು ಬಳಸಿದರು. ಇಂದು ಡೀಪ್ ಫ್ಲ್ಯಾಪ್ ಎಂದು ಹೆಸರಾಗಿರುವುದು ಇದೇ.

ಆಪರೇಷನ್ ಕೋಣೆಯಲ್ಲಿ

ಮೊದಲು ಸಿಟಿ ಆಂಜಿಯೋಗ್ರಾಮ್ ಮಾಡಿ ಹೊಟ್ಟೆಯ ಸ್ನಾಯುವನ್ನು ತೂರಿ ಮೇಲೆ ಬರುವ ನಾಳಗಳ ನಕ್ಷೆ ಪಡೆಯುತ್ತಾರೆ. ಅವುಗಳಲ್ಲಿ ಒಳ್ಳೆಯ ಒಂದೋ ಎರಡೋ ನಾಳಗಳನ್ನು ಆರಿಸಿ, ಸ್ನಾಯುವಿನ ಎಳೆಗಳನ್ನು ಸಾಧ್ಯವಾದಷ್ಟೂ ಕತ್ತರಿಸದೆ ಸರಿಸುತ್ತಾ, ನಾಳವನ್ನು ಬುಡದವರೆಗೆ ಬಿಡಿಸಿಕೊಳ್ಳುತ್ತಾರೆ. ಫ್ಲ್ಯಾಪ್ ಪೂರ್ತಿ ಬೇರ್ಪಟ್ಟ ಮೇಲೆ ಅದರ ಅಪಧಮನಿ ಮತ್ತು ಅಭಿಧಮನಿಯನ್ನು ಎದೆಮೂಳೆಯ ಪಕ್ಕದ ನಾಳಗಳಿಗೆ ಸೂಕ್ಷ್ಮದರ್ಶಕದಡಿ ಹೊಲಿಯುತ್ತಾರೆ. ನಾಳದ ಅಗಲ ಸುಮಾರು 2–3 ಮಿಲಿಮೀಟರ್; ದಾರ ತಲೆಗೂದಲಿಗಿಂತ ತೆಳು. ನಾಳಗಳಿಗೆ ಹಾಕಿದ್ದ ಕ್ಲಿಪ್ ಬಿಟ್ಟೊಡನೆ ಬಿಳಿಚಿದ್ದ ಚರ್ಮಕ್ಕೆ ಬಣ್ಣ ಮರಳುತ್ತದೆ. ಹೊಟ್ಟೆಯ ಗಾಯವನ್ನು ಎಳೆದು ಮುಚ್ಚಿ, ಹೊಕ್ಕುಳಿಗೆ ಹೊಸ ತೆರಪು ಮಾಡುತ್ತಾರೆ. ಇಷ್ಟಕ್ಕೆ ಹಲವು ಗಂಟೆಗಳೇ ಬೇಕು.

ಮೊದಲ ಒಂದೆರಡು ದಿನ ನರ್ಸ್‌ಗಳು ಹೊತ್ತುಹೊತ್ತಿಗೆ ಬಂದು ಫ್ಲ್ಯಾಪಿನ ಬಣ್ಣ, ಬಿಸುಪು ನೋಡಿ, ಡಾಪ್ಲರ್ ಎಂಬ ಉಪಕರಣದಲ್ಲಿ ನಾಡಿ ಆಲಿಸುತ್ತಾರೆ. ಬಿಳಿಚಿ ತಣ್ಣಗಾದರೆ ರಕ್ತ ಒಳಬರುತ್ತಿಲ್ಲ. ನೀಲಿಗಟ್ಟಿ ಊದಿದರೆ ಹೊರಹೋಗುತ್ತಿಲ್ಲ. ಎರಡರಲ್ಲೂ ತಡಮಾಡದೆ ಮತ್ತೆ ಆಪರೇಷನ್ ಕೋಣೆಗೆ ಒಯ್ಯಬೇಕು. ಅನುಭವಿ ತಂಡಗಳ ಕೈಯಲ್ಲಿ ಬಹುಪಾಲು ಫ್ಲ್ಯಾಪ್‌ಗಳು ಉಳಿಯುತ್ತವೆ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಸ್ವಂತ ಅಂಗಾಂಶದ ಸ್ತನ ಮೃದುವಾಗಿ, ಬೆಚ್ಚಗಿರುತ್ತದೆ. ಇಂಪ್ಲಾಂಟಿನಂತೆ ಮುಂದೊಂದು ದಿನ ಬದಲಿಸುವ ಪ್ರಶ್ನೆಯಿಲ್ಲ. ಅದು ಹೊಟ್ಟೆಯ ಕೊಬ್ಬಿನ ಸ್ವಭಾವವನ್ನೇ ಉಳಿಸಿಕೊಂಡಿರುತ್ತದೆ: ಮೈತೂಕ ಏರಿದರೆ ತಾನೂ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ರೇಡಿಯೇಶನ್ ಆದ ಎದೆಗೆ ಸಾಮಾನ್ಯವಾಗಿ ಇಂಪ್ಲಾಂಟಿಗಿಂತ ಇದು ಹೆಚ್ಚು ಹೊಂದುತ್ತದೆ. ಆದರೆ ರೇಡಿಯೇಶನ್ ಇನ್ನೂ ಬಾಕಿಯಿದ್ದರೆ ಹೊಸ ಸ್ತನ ಗಟ್ಟಿಯಾಗಿ ಕುಗ್ಗಬಹುದು. ಅದಕ್ಕೇ ಹಲವು ಸರ್ಜನ್‌ಗಳು ಆ ಚಿಕಿತ್ಸೆ ಮುಗಿಯುವವರೆಗೆ ಕಾಯುತ್ತಾರೆ.

ಬದಲಿಗೆ ತೆರಬೇಕಾದದ್ದೂ ಇದೆ. ಸೊಂಟದಿಂದ ಸೊಂಟಕ್ಕೆ ಉದ್ದನೆಯ ಕಲೆ ಉಳಿಯುತ್ತದೆ, ಚೇತರಿಕೆಗೆ ವಾರಗಳು ಹಿಡಿಯುತ್ತವೆ. ಸ್ಪರ್ಶದ ಅರಿವು ಮೊದಲಿನಂತೆ ಮರಳುವುದಿಲ್ಲ. ಈ ಸ್ತನದಿಂದ ಮಗುವಿಗೆ ಹಾಲೂಡಿಸಲಾಗದು. ಮೊಲೆತೊಟ್ಟು ಬೇಕೆಂದರೆ ತಿಂಗಳುಗಳ ನಂತರ ಚಿಕ್ಕ ಆಪರೇಷನ್ನಿನಿಂದಲೋ ಹಚ್ಚೆಯಿಂದಲೋ ಮಾಡಿಸಿಕೊಳ್ಳಬಹುದು.

ಎಲ್ಲರಿಗೂ ಇದು ಹೊಂದುವುದಿಲ್ಲ. ತೀರ ತೆಳ್ಳಗಿದ್ದವರ ಹೊಟ್ಟೆಯಲ್ಲಿ ಕೊಬ್ಬು ಸಾಲದೆ ತೊಡೆಯನ್ನೋ ಪೃಷ್ಠವನ್ನೋ ಹುಡುಕಬೇಕಾಗುತ್ತದೆ. ಹಿಂದೆ ಹೊಟ್ಟೆ ತಗ್ಗಿಸುವ ಟಮ್ಮಿ ಟಕ್ ಶಸ್ತ್ರಚಿಕಿತ್ಸೆ ಆಗಿದ್ದರೆ ಬೇಕಾದ ನಾಳಗಳೇ ತುಂಡಾಗಿರುತ್ತವೆ. ಸಿಸೇರಿಯನ್ ಕಲೆ ಮಾತ್ರ ಸಾಮಾನ್ಯವಾಗಿ ಅಡ್ಡಿಯಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಬೀಡಿ, ಸಿಗರೇಟು, ಜಗಿಯುವ ತಂಬಾಕು ಎಲ್ಲವೂ ವಾರಗಳ ಮೊದಲೇ ನಿಲ್ಲಬೇಕು, ಏಕೆಂದರೆ ನಿಕೋಟಿನ್ ಸಣ್ಣ ನಾಳಗಳನ್ನು ಬಿಗಿಯುತ್ತದೆ.

ನಿರ್ಧಾರ ಯಾವಾಗ?

ಸ್ತನವನ್ನು ಮತ್ತೆ ಕಟ್ಟುವುದು ಕ್ಯಾನ್ಸರಿಗೆ ಚಿಕಿತ್ಸೆಯಲ್ಲ. ಅದರಿಂದ ಕ್ಯಾನ್ಸರ್ ಮರುಕಳಿಸುವ ಅಪಾಯ ಹೆಚ್ಚುವುದೂ ಇಲ್ಲ. ಏನನ್ನೂ ಕಟ್ಟಿಸದೆ ಇರುವವರು, ಒಳಉಡುಪಿನೊಳಗೆ ಕೃತಕ ಸ್ತನ ತೊಡುವವರು ಬಹಳ ಮಂದಿ. ಅದೂ ಪೂರ್ಣ ಆಯ್ಕೆಯೇ. ವರ್ಷಗಳ ನಂತರ ಮನಸ್ಸು ಬದಲಾದರೂ ಡೀಪ್ ಫ್ಲ್ಯಾಪಿಗೆ ಅವಕಾಶವಿರುತ್ತದೆ. ಆದರೆ ಸ್ತನದ ಚರ್ಮವನ್ನು ಉಳಿಸಿಕೊಂಡು ಒಳಗನ್ನಷ್ಟೇ ತೆಗೆಯುವ ಅವಕಾಶ ಒಮ್ಮೆ ಮಾತ್ರ ಬರುತ್ತದೆ. ಆದ್ದರಿಂದ ಮ್ಯಾಸ್ಟೆಕ್ಟಮಿಗೆ ದಿನ ಗೊತ್ತಾಗುವ ಮುನ್ನವೇ, ಕಟ್ಟಿಸಿಕೊಳ್ಳುವ ಯೋಚನೆ ಇನ್ನೂ ಗಟ್ಟಿಯಾಗಿರದಿದ್ದರೂ, ಕ್ಯಾನ್ಸರ್ ಸರ್ಜನ್ ಜೊತೆಗೆ ಪ್ಲಾಸ್ಟಿಕ್ ಸರ್ಜನ್ ಅವರನ್ನೂ ಒಮ್ಮೆ ಕಂಡು ಮಾತಾಡಿ ಬರುವುದು ಒಳ್ಳೆಯದು.